ಹಗ್ಗದ ಭಾನುವಾರ

ಅಕ್ಟೋಬರ್ ೨೮, ಭಾನುವಾರ

ಮಗಳೇ ಸೂಜಿ,

ಚೆನ್ನಾಗಿದ್ದೀಯ ಅಂದುಕೊಂಡಿದ್ದೇನೆ. ನಾನೂ ಚೆನ್ನಾಗಿದ್ದೇನೆ, ಅಂದರೆ ಮಂಡಿ ಬಿಟ್ಟು, ಕಣ್ಣು ಬಿಟ್ಟು, ನಿದ್ದೆ ಬಿಟ್ಟು ಮಿಕ್ಕಿದ್ದೆಲ್ಲ ಸರಿಯಾಗಿದೆ. ನೀನು ಮನೆ ಬಿಟ್ಟು ಇವತ್ತಿಗೆ ಹತ್ತೊಂಬತ್ತು ದಿನ. ಇಷ್ಟು ತಡವಾಗಿ ಬರೆಯುತ್ತಿದ್ದೇನೆ ಅಂತ ಬೇಜಾರಾಗಬೇಡ. ನಾಲ್ಕು ಕಾಗದ ಬರೆದು ಹರಿದು ಹಾಕಿದೆ. ಎರಡರಲ್ಲಿ ಬೈಗುಳ ಜಾಸ್ತಿಯಾಗಿತ್ತು, ಎರಡರಲ್ಲಿ ಭಾಷಣ. ಫೋನು ನೀನು ಎತ್ತುವುದಿಲ್ಲ. ಎರಡು ಬಸ್ಸು ಬದಲಿಸಿ ಊರಿನ ಆ ತುದಿಗೆ ಬಂದು ನಿನ್ನ ಬಾಗಿಲು ಬಡಿಯುವುದು ನನಗೇನು ದೊಡ್ಡದಲ್ಲ, ಫ್ಯಾಕ್ಟರಿ ಗೇಟನ್ನೇ ಬಡಿದವಳು ನಾನು. ಆದರೆ ಹೋಗುವಾಗ ನೀನು, ‘ನಾನು ಕರೆಯುವ ತನಕ ಬರಬೇಡ’ ಅಂದಿದ್ದೆ. ಹಾಗಾಗಿ ಈ ಕಾಗದ. ಇದಕ್ಕೆ ಯಾರೂ ಬಾಗಿಲು ತೆಗೆಯಬೇಕಾಗಿಲ್ಲ, ಕೆಳಗಿನ ಸಂದಿಯಲ್ಲಿ ನುಗ್ಗಿ ಬಿದ್ದಿರುತ್ತದೆ.

ನಡೆದದ್ದನ್ನು ನನ್ನ ಕಡೆಯಿಂದ ಒಂದು ಸಲ ಹೇಳಿಬಿಡುತ್ತೇನೆ. ಅವತ್ತು ಕೇಳುವಷ್ಟು ತಾಳ್ಮೆ ನಿನಗಿರಲಿಲ್ಲ, ಹೇಳುವಷ್ಟು ಬುದ್ಧಿ ನನಗಿರಲಿಲ್ಲ.

ನಮ್ಮ ಹಗ್ಗಕ್ಕೆ ಮೂರು ವರ್ಷ ತುಂಬಿದ ಸಭೆ. ಹಗ್ಗ ಅನ್ನುವುದು ಜನ ಇಟ್ಟ ಹೆಸರು, ಕರಪತ್ರದಲ್ಲಿ ನಾವು ಅಚ್ಚು ಹಾಕಿಸಿದ್ದು ‘ಬಟ್ಟೆ ಬದಲಿ ಕೂಟ’ ಅಂತ. ಅದನ್ನು ಯಾರೂ ಬಾಯಲ್ಲಿ ಹೇಳಲಿಲ್ಲ. ತಿಂಗಳ ಮೊದಲ ಭಾನುವಾರ ಯೂನಿಯನ್ ಕಚೇರಿಯ ಉದ್ದ ಕೋಣೆಯಲ್ಲಿ ಏಳು ಹಗ್ಗ ಕಟ್ಟುತ್ತೇವೆ. ಹಾಕದೆ ಬಿದ್ದಿರುವ ಬಟ್ಟೆ ತಂದವರಿಗೆ ಬಟ್ಟೆಗೊಂದರಂತೆ ಡಬ್ಬಿಯಿಂದ ಗುಂಡಿ ಸಿಗುತ್ತದೆ. ಗುಂಡಿ ವಾಪಸು ಕೊಟ್ಟು ಹಗ್ಗದ ಮೇಲಿಂದ ಇಷ್ಟವಾದದ್ದನ್ನು ಇಳಿಸಿಕೊಳ್ಳಬಹುದು. ಅಲ್ಲಿ ಕಾಸಿನ ಮಾತೇ ಇಲ್ಲ. ಬಟ್ಟೆ ಒಗೆದಿರಬೇಕು, ಕಂಪನಿ ಲೇಬಲ್ ಕತ್ತರಿಸಿರಬೇಕು. ಮೂರನೆಯ ನಿಯಮ ಬಾಗಿಲ ಪಕ್ಕದ ಹಲಗೆಯ ಮೇಲಿದೆ: ‘ಹಗ್ಗಕ್ಕೆ ಬಿದ್ದ ಬಟ್ಟೆಗೆ ತವರಿಲ್ಲ. ಯಾರದ್ದೆಂದು ಕೇಳಬೇಡಿ, ನನ್ನದೆಂದು ಹೇಳಬೇಡಿ.’ ಬಿಳಿ ಬಣ್ಣದಲ್ಲಿ, ಸ್ಟೂಲು ಹತ್ತಿ ಬರೆದವಳು ನಾನೇ. ನೀನು ಕೆಳಗೆ ಸ್ಟೂಲು ಹಿಡಿದಿದ್ದೆ, ಅಕ್ಷರ ಸೊಟ್ಟಗಾಯಿತು ಅಂತ ನಗುತ್ತಿದ್ದೆ.

ಆ ಸಭೆಗೆ ನೀನು ನಿನ್ನ ಕಚೇರಿಯ ಮೇಡಂ ಅವರನ್ನೂ ಪಕ್ಕದ ಮೇಜಿನ ಇಬ್ಬರನ್ನೂ ಕರೆದುಕೊಂಡು ಬಂದೆ. ಕರೆದುಕೊಂಡು ಬಾ ಅಂತ ಹಟ ಹಿಡಿದವಳೂ ನಾನೇ. ನೀನು ಆ ನೀಲಿ ಉಣ್ಣೆ ಕೋಟು ಹಾಕಿಕೊಂಡು ಚಹಾ ಮೇಜಿನ ಹತ್ತಿರ ನಿಂತಿದ್ದೆ. ನನ್ನ ಕೈಯಲ್ಲಿ ಮೈಕು. ಮೇಡಂ ನಿನ್ನ ಎಡ ಮೊಣಕೈ ಕಡೆ ಬಗ್ಗಿ, ಬೆರಳಿಟ್ಟು ಮುಟ್ಟಿ, ಏನೋ ಕೇಳಿದ್ದು ಕಾಣಿಸಿತು. ಸರಿಯಾಗಿ, ಹರಿದಿದ್ದನ್ನು ನಾನು ನೂಲಿನಿಂದ ಹೆಣೆದು ರಫು ಮಾಡಿದ ಜಾಗ. ಆ ಕೋಟು ಬಂದದ್ದು ದೊಡ್ಡ ಮನೆಗಳ ಬೀದಿಯಿಂದ ಬಂದ ಗಂಟಿನಲ್ಲಿ. ಈಯಮ್ಮನದ್ದೇ ಕೋಟು, ಗುರುತು ಹಿಡಿದಳು, ಈಗ ಎಲ್ಲರೆದುರು ಹೇಳಿಬಿಡುತ್ತಾಳೆ ಅಂತ ನನ್ನ ತಲೆಗೆ ಹೊಕ್ಕಿತು. ಅವರು ಬಾಯಿ ಬಿಡುವ ಮೊದಲು ನಾನು ಬಿಟ್ಟೆ.

“ಅಲ್ಲಿ ನೋಡಿ, ನನ್ನ ಮಗಳು. ಅವಳ ಮೈಮೇಲೆ ಒಂದು ನೂಲೂ ಕೊಂಡಿದ್ದಲ್ಲ. ಆ ಕೋಟು ಯಾರೋ ಬೇಡ ಅಂತ ಬಿಸಾಕಿದ್ದು, ಬಿಸಾಕಿದವರು ಇಲ್ಲೇ ಇರಬಹುದು. ಅದೇ ಕೋಟಲ್ಲಿ ಹೋಗಿ ಅವಳು ಕೆಲಸ ಗಿಟ್ಟಿಸಿದಳು.”

ಇನ್ನೂರು ಜನ ತಿರುಗಿ ನಿನ್ನನ್ನೇ ನೋಡಿದರು. ಚಪ್ಪಾಳೆ ಬಿತ್ತು. ನೀನು ಲೋಟ ಮೇಜಿನ ಮೇಲಿಟ್ಟೆ, ಒಂದು ತೊಟ್ಟು ಚೆಲ್ಲದ ಹಾಗೆ. ಮನೆಗೆ ಬಂದ ಮೇಲೆ ಕೇಳಿದ್ದು ಒಂದೇ ಮಾತು: “ಅಮ್ಮ, ನಾನು ನಿನ್ನ ಮಗಳಾ, ಬ್ಯಾನರಾ?” ಎರಡನೆಯ ದಿನ ಪೆಟ್ಟಿಗೆ ಕಟ್ಟಿದೆ.

ಈಗ ನನ್ನ ಉತ್ತರ ಕೇಳು. ನಾಚಿಕೆ ಯಾರಿಗಾಗಬೇಕು? ಹತ್ತೊಂಬತ್ತು ವರ್ಷ ನಾನು ಕಾಲರು ಹೊಲಿದೆ. ದಿನಕ್ಕೆ ನಾನೂರು ಕಾಲರು, ಅದರಲ್ಲಿ ಒಂದೂ ನನ್ನ ಕುತ್ತಿಗೆಗೆ ಬರಲಿಲ್ಲ. ಸಂಜೆ ಗೇಟಿನಲ್ಲಿ ನಮ್ಮ ಚೀಲ, ಜೇಬು, ಕೊನೆಗೆ ಜಡೆಯನ್ನೂ ತಡವಿ ಬಿಡುತ್ತಿದ್ದರು. ಹೊಲಿಗೆ ಒಂದೆಳೆ ಸೊಟ್ಟಗಾಯಿತು ಅಂತ ತಿರಸ್ಕಾರವಾದ ಅಂಗಿಗಳನ್ನು ನಮಗೆ ಕೊಡಬಹುದಿತ್ತಲ್ಲ? ನಮ್ಮೆದುರಿಗೇ ಅಂಗಿಗಳ ಬೆನ್ನಿಗೆ ಕತ್ತರಿ ಆಡಿಸಿ ಮೂಟೆ ಕಟ್ಟುತ್ತಿದ್ದರು, ಹೊಲಿದವಳು ಹಾಕಿಕೊಂಡರೆ ಕಂಪನಿಯ ಮರ್ಯಾದೆ ಹೋಗುತ್ತದಂತೆ. ನಮ್ಮ ಹಗ್ಗ ಹುಟ್ಟಿದ್ದು ಆ ಕತ್ತರಿಯ ಮೇಲಿನ ಸಿಟ್ಟಿನಿಂದ. ನಿನ್ನ ಬೂದು ಪ್ಯಾಂಟು, ಮೂರು ಬಿಳಿ ಅಂಗಿ, ಆ ಕೋಟು ಎಲ್ಲ ಹಗ್ಗದಿಂದ ಬಂದವು. ಒಳಗೆ ಮಡಿಕೆ ಎಷ್ಟು ಬಿಟ್ಟಿದ್ದಾರೆ, ಕಂಕುಳ ಹೊಲಿಗೆ ಗಟ್ಟಿಯಿದೆಯಾ ಅಂತ ತಿರುವಿ ನೋಡಿ ಆರಿಸಿದ್ದೆ, ಸೊಂಟ ಹಿಡಿಸಿ, ತೋಳು ಇಳಿಸಿ ಕೊಟ್ಟಿದ್ದೆ. ನಿನ್ನ ಕಚೇರಿಯಲ್ಲಿ ಅಂಗಡಿಯಿಂದ ಕೊಂಡು ಹಾಕಿಕೊಂಡ ಒಬ್ಬಳಿಗಾದರೂ ಬಟ್ಟೆ ನಿನ್ನಷ್ಟು ಸರಿಯಾಗಿ ಕೂತಿದೆಯಾ ಹೇಳು. ಇದನ್ನು ಹೇಳಿದ್ದು ತಪ್ಪಾ?

ನೋಡು, ಮತ್ತೆ ಭಾಷಣವಾಯಿತು. ಎದ್ದು ನೀರು ಕುಡಿದು ಬಂದೆ. ಈಗೀಗ ಕೂತಲ್ಲಿ ಕೂರಲಾಗುವುದಿಲ್ಲ. ಒಂದು ಲಂಗದ ಅಂಚನ್ನು ಈ ವಾರದಲ್ಲಿ ಮೂರು ಸಲ ಬಿಚ್ಚಿ ಮೂರು ಸಲ ಹೊಲಿದೆ, ಲಂಗದ್ದೇನೂ ತಪ್ಪಿರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಒಳ್ಳೆಯದಾಗಲಿ.

ನಿನ್ನ ಅಮ್ಮ

ಮತ್ತೊಂದು ಮಾತು: ನಿಯಮ ಮುರಿದೆ ಅಂತ, ಗುಂಡಿ ಡಬ್ಬಿ ಕಾಯುವ ನಮ್ಮ ಕಟಿಂಗ್ ಮಾಸ್ಟರ್ ನನಗೆ ದಂಡ ಹಾಕಿದ್ದಾನೆ. ಒಂದು ತಿಂಗಳು ನಾನು ಮೈಕು ಮುಟ್ಟುವ ಹಾಗಿಲ್ಲ. ಜನ ಇದಕ್ಕೂ ಚಪ್ಪಾಳೆ ತಟ್ಟಿದರು.


ನವೆಂಬರ್ ೧೫, ಗುರುವಾರ

ಸೂಜಿ,

ಮೊದಲ ಕಾಗದಕ್ಕೆ ಉತ್ತರ ಬರಲಿಲ್ಲ. ಬರಲಿ ಅಂತ ಕಾದು ಕಾದು ಇದನ್ನು ಬರೆಯಲು ತಡವಾಯಿತು. ಅಂಚೆಯವನು ನಮ್ಮ ಬೀದಿಗೆ ಬರುವುದನ್ನೇ ಬಿಟ್ಟಿದ್ದಾನೋ ಏನೋ ಅಂದುಕೊಂಡೆ. ಇಲ್ಲ, ಪಕ್ಕದ ಮನೆಗೆ ದಿನಾ ಬರುತ್ತಾನೆ. ನನ್ನ ಮುಖ ಕಂಡರೆ ಸೈಕಲ್ಲು ಜೋರಾಗಿ ತುಳಿಯುತ್ತಾನೆ.

ಒಂದು ವಿಷಯ ಹೇಳಲೇಬೇಕು, ಹೇಳುವುದಕ್ಕೆ ಕೈ ಓಡುತ್ತಿಲ್ಲ. ಈ ತಿಂಗಳ ಹಗ್ಗದ ಭಾನುವಾರ ನಿನ್ನ ಮೇಡಂ ಒಬ್ಬರೇ ಬಂದಿದ್ದರು. ಕೈಯಲ್ಲಿ ಕಾಗದದ ಚೀಲ. ಬೈಯಲು ಬಂದಿದ್ದಾರೆ ಅಂತ ಎದ್ದು ನಿಂತೆ, ನಾನೂ ತಯಾರಾಗಿಯೇ ನಿಂತೆ. ಅವರು ಚೀಲದಿಂದ ಒಂದು ಬೂದು ಕೋಟು ತೆಗೆದು ನನ್ನ ಮೇಜಿನ ಮೇಲೆ ಹರಡಿದರು. ತಮ್ಮ ತಂದೆಯ ಕೋಟಂತೆ, ಹೆಗಲ ಹತ್ತಿರ ಹುಳ ತಿಂದಿದೆಯಂತೆ. ಊರಲ್ಲಿ ಮೂರು ಅಂಗಡಿ ಸುತ್ತಿದರಂತೆ, ಎಲ್ಲರೂ ತೇಪೆ ಹಾಕುತ್ತೇವೆ ಅಂದರಂತೆ. ಆಮೇಲೆ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

“ಅವತ್ತು ನಿಮ್ಮ ಮಗಳ ತೋಳಲ್ಲಿ ರಫು ನೋಡಿದೆ. ಬೆಳಕಿಗೆ ನೇಯ್ಗೆ ಒಂಚೂರು ಬೇರೆ ಕಂಡಿತು, ಮುಟ್ಟಿದರೆ ಎಲ್ಲಿ ಹರಿದಿತ್ತು ಅಂತ ಬೆರಳಿಗೆ ಗೊತ್ತಾಗ್ತಿರಲಿಲ್ಲ. ಯಾರಮ್ಮ ಇದನ್ನ ಮಾಡಿದ್ದು ಅಂತ ಕೇಳಿದೆ. ಅವಳು ಖುಷಿಯಾಗಿ ‘ನಮ್ಮ’ ಅಂತ ಬಾಯಿ ತೆಗೆದಳು. ಅಷ್ಟರಲ್ಲಿ ನೀವು ಮೈಕಲ್ಲಿ ಶುರು ಮಾಡಿದಿರಿ.”

ಆ ನೀಲಿ ಕೋಟನ್ನು ಅವರು ನಿನ್ನ ಮೈಮೇಲಲ್ಲದೆ ಬೇರೆಲ್ಲೂ ನೋಡಿರಲಿಲ್ಲ. ಅದು ಯಾರೋ ಬಿಟ್ಟ ಕೋಟು ಅಂತ ಅವರಿಗೆ ಗೊತ್ತಾದದ್ದೇ ನನ್ನ ಬಾಯಿಂದ. ನಾನು ಬಾಯಿ ಮುಚ್ಚಿಕೊಂಡಿದ್ದರೆ ನೀನು ‘ನಮ್ಮಮ್ಮ’ ಅನ್ನುತ್ತಿದ್ದೆ. ಅಷ್ಟೇ ನಡೆಯುತ್ತಿತ್ತು. ಮಗಳು ನನ್ನ ಕೈಕೆಲಸದ ಮೇಲೆ ಬೆರಳಿಟ್ಟು, ತನ್ನ ಮೇಡಮ್ಮಿಗೆ ತೋರಿಸಿ, ಇದು ನಮ್ಮಮ್ಮ ಮಾಡಿದ್ದು ಅನ್ನುತ್ತಿದ್ದಳು. ಆ ಮಾತನ್ನು ಅರ್ಧದಲ್ಲಿ ಕತ್ತರಿಸಿದವಳು ನಾನು. ಫ್ಯಾಕ್ಟರಿಯ ಕತ್ತರಿಗೆ ಬೈಯುವವಳು.

ಕಟಿಂಗ್ ಮಾಸ್ಟರ್ ಗುಂಡಿ ಡಬ್ಬಿಯ ಹಿಂದೆ ಕೂತು ಎಲ್ಲ ಕೇಳಿಸಿಕೊಂಡ. ಮೂವತ್ತು ವರ್ಷದ ಸ್ನೇಹ, ನೀನು ಮೆಷಿನ್ನುಗಳ ಕೆಳಗೆ ಅಯಸ್ಕಾಂತ ಹಿಡಿದು ಬಿದ್ದ ಸೂಜಿ ಆರಿಸುತ್ತಿದ್ದಾಗ ನಿನಗೆ ಈ ಹೆಸರಿಟ್ಟವನೇ ಅವನು. ನನ್ನನ್ನು ಬಿಡುತ್ತಾನಾ? “ಬಟ್ಟೆ ಓದೋದ್ರಲ್ಲಿ ನಿನ್ನ ಬಿಟ್ರಿಲ್ಲ ಕಣಮ್ಮ. ಮುಖ ಓದೋಕೆ ಮಾತ್ರ ನೀನು ಒಂದನೇ ಕ್ಲಾಸೂ ಪಾಸಾಗಿಲ್ಲ,” ಅಂದ. ಬೇರೆ ದಿನವಾಗಿದ್ದರೆ ಇಂಚುಪಟ್ಟಿಯಲ್ಲಿ ಎರಡು ಬಾರಿಸುತ್ತಿದ್ದೆ.

ಹತ್ತು ದಿನದಿಂದ ಇದೇ ತಲೆಯಲ್ಲಿ ಗಿರಗಿರ ತಿರುಗುತ್ತಿದೆ. ಬಾಗಿಲ ತನಕ ಹೋಗುತ್ತೇನೆ, ಚಪ್ಪಲಿ ಹಾಕಿಕೊಳ್ಳುತ್ತೇನೆ, ಬಸ್ ಸ್ಟಾಪಿನಲ್ಲಿ ನಿಂತು ಎರಡು ಬಸ್ಸು ಬಿಟ್ಟು ಮನೆಗೆ ಬರುತ್ತೇನೆ. ಮೇಡಂ ಏನು ಕೇಳಿದರು ಅಂತ ನೀನು ಯಾಕೆ ನನಗೆ ಹೇಳಲಿಲ್ಲ ಅಂತ ಮೊದಲು ಸಿಟ್ಟು ಬಂತು. ಆಮೇಲೆ ಲೆಕ್ಕ ಹಾಕಿದೆ, ನಾನು ಮಾತು ನಿಲ್ಲಿಸಿದ್ದರೆ ತಾನೇ ನೀನು ಹೇಳುವುದು.

ಮೇಡಂ ಕೋಟು ರಫು ಮಾಡಿ ಮುಗಿಸಿದ್ದೇನೆ. ನೂಲನ್ನು ಅದೇ ಕೋಟಿನ ಒಳಮಡಿಕೆಯಿಂದ ಎಳೆದೆ, ಬಣ್ಣ ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲ. ನಿನ್ನ ಹತ್ತಿರ ಕಳಿಸೋಣ ಅಂದುಕೊಂಡೆ, ಅದೂ ನಿನ್ನ ಬಾಗಿಲು ತೆಗೆಸುವ ಉಪಾಯ ಅನ್ನಿಸಿ ಮಾಸ್ಟರ್ ಕೈಯಲ್ಲೇ ಕಳಿಸಿದೆ.

ತಪ್ಪಾಯಿತು ಅಂತ ಬರೆಯುವ ಅಭ್ಯಾಸ ನನಗಿಲ್ಲ. ನಾಲ್ವರು ಮಾಲೀಕರು ಬರೆದುಕೊಡು ಅಂದರೂ ಬರೆಯಲಿಲ್ಲ. ನಿನಗೆ ಬರೆಯುತ್ತಿದ್ದೇನೆ. ತಪ್ಪಾಯಿತು ಕಣೇ.

ಚಳಿ ಜಾಸ್ತಿಯಾಗಿದೆ, ಬೆಚ್ಚಗಿರು. ಸುಖವಾಗಿರು.

ಅಮ್ಮ


ಡಿಸೆಂಬರ್ ೩, ಸೋಮವಾರ

ನನ್ನ ಸೂಜಿ,

ಈ ಸಲ ತಡ ಮಾಡಿಲ್ಲ. ನಿನ್ನೆ ನಡೆದದ್ದನ್ನು ಇವತ್ತು ಬೆಳಿಗ್ಗೆಯೇ ಬರೆಯಲು ಕೂತಿದ್ದೇನೆ, ಒಲೆ ಇನ್ನೂ ಹಚ್ಚಿಲ್ಲ.

ನಿನ್ನೆ ಹಗ್ಗದ ಭಾನುವಾರ. ಎಂಟು ಗಂಟೆಗೆ ಕೋಣೆಯ ಬೀಗ ತೆಗೆಯಲು ಹೋದರೆ ಬಾಗಿಲಿಗೆ ಒಂದು ಚೀಲ ಒರಗಿಸಿಟ್ಟಿತ್ತು. ಹಿಂದಿನ ಸಂಜೆ ಯಾರೋ ಬಂದು ಬಿಟ್ಟು ಹೋದರು ಅಂತ ಪಕ್ಕದ ಅಂಗಡಿಯವನು ಹೇಳಿದ. ಮಾಸ್ಟರ್ ಬಿಚ್ಚಿದ. ನೀಲಿ ಉಣ್ಣೆ ಕೋಟು. ಒಗೆದು, ಇಸ್ತ್ರಿ ಮಾಡಿ, ಗುಂಡಿಯೆಲ್ಲ ಹಾಕಿ, ತೋಳುಗಳನ್ನು ಹಿಂದಕ್ಕೆ ಮಡಿಸಿತ್ತು. ಹಾಗೆ ಮಡಿಸುವುದನ್ನು ನಿನಗೆ ಕಲಿಸಿದ್ದು ನಾನೇ. ಜೇಬುಗಳಲ್ಲಿ ಕೈ ಹಾಕಿ ನೋಡಿದೆ. ಜೇಬು ನೋಡುವುದು ನಮ್ಮ ನಿಯಮ, ನನಗಾಗಿ ನೋಡಿದ್ದಲ್ಲ ಅಂತ ಸುಳ್ಳು ಹೇಳುವುದಿಲ್ಲ. ಏನೂ ಇರಲಿಲ್ಲ. ಒಂದು ಚೀಟಿಯೂ ಇರಲಿಲ್ಲ.

ಎರಡು ಬಸ್ಸು ಬದಲಿಸಿ ಬಂದಿದ್ದೀಯ. ನಮ್ಮ ಮನೆ ಅಲ್ಲಿಂದ ಎರಡು ಬೀದಿ. ದೀಪವೂ ಉರಿಯುತ್ತಿತ್ತು, ನಾನು ಒಳಗೆ ಬಟಾಣಿ ಸುಲಿಯುತ್ತಿದ್ದೆ.

ಯಾರದ್ದೆಂದು ಕೇಳಬೇಡಿ. ಕೇಳಲಿಲ್ಲ. ಮಾಸ್ಟರ್ ನನ್ನ ಮುಖ ನೋಡಿದ, ಕೋಟು ನೋಡಿದ, ಹ್ಯಾಂಗರ್ ಚಾಚಿದ. ನಾನೇ ಮೂರನೆಯ ಹಗ್ಗಕ್ಕೆ ಹಾಕಿದೆ. ಹಾಕಿ ಈ ಕಡೆ ಬಂದೆ, ಮತ್ತೆ ಆ ಕಡೆ ಹೋದೆ. ಯಾರಿಗೂ ಕಾಣದ ಹಾಗೆ ಒಂದು ದಪ್ಪ ಕಂಬಳಿಯ ಹಿಂದೆ ತಳ್ಳಿದೆ. ಯಾರ ಬಟ್ಟೆಯನ್ನೂ ನಾನು ಹಾಗೆ ಬಚ್ಚಿಟ್ಟಿರಲಿಲ್ಲ.

ಹನ್ನೊಂದರ ಹೊತ್ತಿಗೆ ಮೂಲೆ ಬೇಕರಿಯಲ್ಲಿ ಕೌಂಟರಿನಲ್ಲಿ ನಿಲ್ಲುವ ಹುಡುಗಿ ಬಂದಳು. ನಿನ್ನದೇ ವಯಸ್ಸು, ನಿನಗಿಂತ ಒಂದು ಇಂಚು ಕುಳ್ಳಿ. ಕಂಬಳಿ ಸರಿಸಿ ಅದನ್ನೇ ಹುಡುಕಿ ತೆಗೆದಳು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಮುಂದಿನಿಂದ ನೋಡಿಕೊಂಡಳು, ತಿರುಗಿ ಹೆಗಲ ಮೇಲಿಂದ ಬೆನ್ನು ನೋಡಿಕೊಂಡಳು. ಬುಧವಾರ ಎಲ್ಲೋ ಸಂದರ್ಶನವಂತೆ, ಪಕ್ಕದವಳಿಗೆ ಹೇಳುತ್ತಿದ್ದಳು. ನಾನು ಈ ತುದಿಯಲ್ಲಿದ್ದೆ. ಅಲ್ಲಿಗೆ ಹೇಗೆ ಹೋದೆನೋ ಗೊತ್ತಿಲ್ಲ.

“ಅದು ನನ್ನ ಮಗಳದ್ದು. ಬಿಚ್ಚು,” ಅಂದೆ.

ಕೋಣೆಯಲ್ಲಿ ಮೂವತ್ತು ಜನ ಇದ್ದರು. ಮೈಕು ಬೇಕಾಗಲಿಲ್ಲ, ಎಲ್ಲರಿಗೂ ಕೇಳಿಸಿತು. ಆ ಹುಡುಗಿ ಕೋಟು ಬಿಚ್ಚಿದಳು. ಗಾಬರಿಯಲ್ಲೂ ಅದನ್ನು ಹ್ಯಾಂಗರಿಗೆ ಹಾಕಿ, ಜಾರಬಾರದು ಅಂತ ಮೇಲಿನ ಗುಂಡಿ ಹಾಕಿ, “ಸಾರಿ ಆಂಟಿ, ಗೊತ್ತಿರಲಿಲ್ಲ,” ಅಂದಳು. ತನ್ನ ಕೈಲಿದ್ದ ಗುಂಡಿಯನ್ನು ಡಬ್ಬಿಯ ಪಕ್ಕ ಇಟ್ಟು ಹೊರಟುಹೋದಳು. ಗುಂಡಿ ಕೊಟ್ಟು ಬರಿಗೈಯಲ್ಲಿ ಹೋದವರು ಈ ಮೂರು ವರ್ಷದಲ್ಲಿ ಅವಳೊಬ್ಬಳೇ. ಮಾಸ್ಟರ್ ಈ ಸಲ ತಮಾಷೆ ಮಾಡಲಿಲ್ಲ. ಎದ್ದು ಹೋಗಿ ಹಲಗೆಯ ಕೆಳಗೆ ನಿಂತ. ಅಷ್ಟೇ. ಬಾಯಿ ಬಿಟ್ಟು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಬೇಕರಿಗೆ ಹೋದೆ. ಮಂಡಿ ಎಲ್ಲಿ ನೋಯಿತೋ, ಎಲ್ಲಿ ಬಿಟ್ಟಿತೋ. ಅವಳು ಕೌಂಟರಿನ ಹಿಂದೆ ಬಿಸ್ಕತ್ತಿನ ತಟ್ಟೆ ಒರೆಸುತ್ತಿದ್ದಳು, ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಸೂಜಿ, ಒಬ್ಬ ಹುಡುಗಿ ನನ್ನನ್ನು ಕಂಡು ಹಾಗೆ ಹಿಂದೆ ಸರಿದದ್ದು ನಾನು ನೋಡಿದ್ದು ನಿನ್ನೆಯೇ ಮೊದಲು. ನೀನೂ ಅವತ್ತು ಸರಿದಿದ್ದೆಯೋ ಏನೋ, ನಾನು ಚಪ್ಪಾಳೆ ತಟ್ಟುವವರನ್ನು ನೋಡುತ್ತಿದ್ದೆ.

ಹಾಕಿಕೋ ಅಂದೆ. ತೋಳು ಉದ್ದವಾಗಿತ್ತು. ಅಲ್ಲೇ ಹಿಟ್ಟಿನ ಚೀಲದ ಮೇಲೆ ಕೂತು ಒಂದು ಇಂಚು ಒಳಗೆ ಮಡಿಚಿ ಕೈಹೊಲಿಗೆ ಹಾಕಿದೆ. ಎರಡು ಸಲ ಬೆರಳಿಗೆ ಚುಚ್ಚಿಕೊಂಡೆ, ಹತ್ತೊಂಬತ್ತು ವರ್ಷದಲ್ಲಿ ಚುಚ್ಚಿಕೊಂಡವಳಲ್ಲ. ಅವಳು, “ಆಂಟಿ, ನಿಮ್ಮ ಮಗಳು ಏನೂ ಅಂದ್ಕೊಳಲ್ವಾ?” ಅಂತ ಕೇಳಿದಳು.

“ಅವಳೇ ಕಳಿಸಿದ್ದು,” ಅಂದೆ.

ಸುಳ್ಳಲ್ಲವಲ್ಲ. ನಿನ್ನ ಕೋಟು ಬುಧವಾರ ಸಂದರ್ಶನಕ್ಕೆ ಹೋಗುತ್ತದೆ. ಅದಕ್ಕೆ ಆ ಕೆಲಸ ಗೊತ್ತು, ಹಿಂದೆ ಒಂದು ಸಲ ಮಾಡಿದೆ.

ಚೆನ್ನಾಗಿರು. ಎಲ್ಲಿದ್ದರೂ, ಏನು ಹಾಕಿಕೊಂಡರೂ ಚೆನ್ನಾಗಿರು.

ನಿನ್ನ ಅಮ್ಮ

ಮತ್ತೆ: ಕಾಗದ ಮಡಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ನಿನಗೆ ಯಾವತ್ತೂ ಹೇಳದ ಒಂದು ವಿಷಯವಿದೆ. ನಿನ್ನ ಅಜ್ಜಿ ಒಂದು ದೊಡ್ಡ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಆ ಮನೆಯ ಹುಡುಗಿಗೆ ಚಿಕ್ಕದಾಯಿತು ಅಂತ ಒಂದು ಹಳದಿ ಕಾಲರಿನ ಫ್ರಾಕು ಕೊಟ್ಟರು. ನನಗಾಗ ಎಂಟು ವರ್ಷ. ಅದನ್ನು ಹಾಕಿಕೊಂಡು ಶಾಲೆಗೆ ಹೋದೆ, ಕುಣಿದುಕೊಂಡು ಹೋದೆ. ಅಂಗಳದಲ್ಲಿ ಎಲ್ಲ ಮಕ್ಕಳ ನಡುವೆ ಆ ಹುಡುಗಿ ಬಂದು, “ಅದು ನಂದು, ಬಿಚ್ಚು,” ಅಂದಳು. ಬಿಚ್ಚಿದೆ. ಮಡಿಸಿ ಅವಳ ಕೈಯಲ್ಲಿಟ್ಟೆ. ಒಳಲಂಗದಲ್ಲಿ ಊರೆಲ್ಲ ದಾಟಿ ಮನೆಗೆ ನಡೆದೆ. ನಿನ್ನ ಅಜ್ಜಿ ಹಗ್ಗಕ್ಕೆ ಬಟ್ಟೆ ಹರವುತ್ತಿದ್ದಳು, ನನ್ನನ್ನು ನೋಡಿದಳು, ಏನೂ ಕೇಳಲಿಲ್ಲ. ಆ ಹಲಗೆಯ ಮೇಲಿನ ನಿಯಮ ಅವತ್ತಿನದು.

ನಾಚಿಕೆ ಬೇಡ ಅಂತ ಊರಿಗೆಲ್ಲ ಕೂಗಿದೆ, ಐವತ್ತು ವರ್ಷವಾದರೂ ನನ್ನೊಳಗಿನದು ಹೋಗಿರಲಿಲ್ಲ. ಮೇಡಂ ನಿನ್ನ ತೋಳು ಮುಟ್ಟಿದಾಗ ನನಗೆ ಕಂಡದ್ದು ಮೇಡಂ ಅಲ್ಲ, ಆ ಅಂಗಳ. ಅವರು ಬಿಚ್ಚು ಅನ್ನುವ ಮೊದಲು ನಾನು ಕೂಗಿದೆ. ನಿನ್ನೆ ನೋಡಿದರೆ, ಆ ಮಾತು ಅಂದವಳು ನಾನೇ.

ಕೋಟು ತಂದದ್ದಕ್ಕೆ ನೀನು ಗುಂಡಿ ತೆಗೆದುಕೊಳ್ಳದೆ ಹೋಗಿದ್ದೀಯ. ಅದನ್ನು ಡಬ್ಬಿಯಿಂದ ತೆಗೆದು ಅಡುಗೆಮನೆ ಕಿಟಕಿಯಲ್ಲಿಟ್ಟಿದ್ದೇನೆ. ಹಲಗೆಯ ಮೇಲೆ ತವರಿಲ್ಲ ಅಂತ ಬರೆದದ್ದು ಬಟ್ಟೆಗೆ ಕಣೇ. ಬರುವ ಮನಸ್ಸಿಲ್ಲದಿದ್ದರೆ ಫೋನಾದರೂ ಎತ್ತು, ನಾನು ಮಾತಾಡುವುದಿಲ್ಲ, ನೀನು ಹೇಳು.